ಬಾಗಿಲಿಗೆ ಬಂದ ಸಮನ್ಸ್: ತಂದವರ ಅಧಿಕಾರ ಎಲ್ಲಿಂದ, ಎಲ್ಲಿಯವರೆಗೆ

ನ್ಯಾಯಾಲಯವು ಯಾರ ವಿರುದ್ಧವೇ ಆಗಲಿ ತೀರ್ಪು ಕೊಡುವ ಮೊದಲು, ಅವರ ಮೇಲೆ ದಾವೆ ಹೂಡಲಾಗಿದೆ ಎಂಬುದನ್ನು ಅವರಿಗೆ ತಿಳಿಸಿ, ತಮ್ಮ ಮಾತನ್ನು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂಬುದು ಸಹಜ ನ್ಯಾಯದ ಮೊದಲ ನಿಯಮ. ಹಾಗೆ ತಿಳಿಸಿ ಕರೆಯುವ ಪತ್ರವೇ ಸಮನ್ಸ್. ಅದನ್ನು ಸಂಬಂಧಪಟ್ಟವರ ಕೈಗೆ ಮುಟ್ಟಿಸಿ, ಮುಟ್ಟಿಸಿದ್ದಕ್ಕೆ ಪುರಾವೆಯನ್ನು ನ್ಯಾಯಾಲಯಕ್ಕೆ ಮರಳಿ ಒಪ್ಪಿಸುವ ಕ್ರಿಯೆಯೇ ಜಾರಿ. ಈ ಕೆಲಸ ಮಾಡುವ ನೌಕರನನ್ನು ಜಿಲ್ಲಾ ನ್ಯಾಯಾಲಯಗಳ ನೇಮಕಾತಿ ಪ್ರಕಟಣೆಗಳು ಆದೇಶ ಜಾರಿಕಾರ ಎಂದು ಕರೆದರೆ, ವಕೀಲರು ಪ್ರೊಸೆಸ್ ಸರ್ವರ್ ಎನ್ನುತ್ತಾರೆ, ಊರಿನ ಹಿರಿಯರು ಕೋರ್ಟ್ ಅಮೀನ ಎನ್ನುತ್ತಾರೆ. ಕೋರ್ಟಿನ ಹೆಸರು, ಲಾಂಛನ, ಮೊಹರುಗಳನ್ನು ನಕಲು ಮಾಡಿ ಜನರನ್ನು ಹೆದರಿಸಿ ಹಣ ಕೀಳುವ ದಂಧೆ ಇತ್ತೀಚಿನ ವರ್ಷಗಳಲ್ಲಿ ಬೆಳೆದಿರುವುದರಿಂದ, ಮನೆ ಬಾಗಿಲಿಗೋ ಫೋನಿಗೋ ಇಂಥ ಕಾಗದ ಬಂದಾಗ ತಂದವರಿಗೆ ನಿಜವಾಗಿ ಅಧಿಕಾರವಿದೆಯೇ ಎಂದು ಕೇಳುವುದು ಅಗತ್ಯವೇ ಆಗಿದೆ. ಆದರೆ ಉತ್ತರವನ್ನು ತಂದವರ ಅಂಗಿಯ ಬಣ್ಣದಲ್ಲೋ ಕೊರಳಿನ ಗುರುತಿನ ಚೀಟಿಯಲ್ಲೋ ಹುಡುಕುವವರು ಎರಡು ಬಗೆಯಲ್ಲಿ ಎಡವುತ್ತಾರೆ: ಸುಳ್ಳು ವೇಷವನ್ನು ನಂಬಿ ಹಣ ಕಳೆದುಕೊಳ್ಳುತ್ತಾರೆ, ಇಲ್ಲವೇ ವೇಷವಿಲ್ಲದೆ ಬಂದ ನಿಜವಾದ ಸಮನ್ಸನ್ನು ತಿರಸ್ಕರಿಸಿ ದಾವೆಯನ್ನೇ ಕಳೆದುಕೊಳ್ಳುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಜಾರಿಕಾರನಿಗೆ ಸ್ವಂತದ್ದೆಂಬ ಅಧಿಕಾರವೇ ಇಲ್ಲ; ಅವನಲ್ಲಿರುವುದೆಲ್ಲ ಕೈಯಲ್ಲಿರುವ ಕಾಗದ ಕೊಟ್ಟದ್ದು, ಆ ಕಾಗದದ ಒಕ್ಕಣೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಅವನ ಅಧಿಕಾರವೂ ಮುಗಿಯುತ್ತದೆ.

ಕಾಗದ ತರುವವರು ಯಾರು ಯಾರು ಆಗಿರಬಹುದು ಎಂಬುದನ್ನು ಮೊದಲು ನೋಡಬೇಕು. ಆಸ್ತಿ, ಸಾಲ, ಒಪ್ಪಂದ ಮುಂತಾದ ಸಿವಿಲ್ ವ್ಯಾಜ್ಯಗಳಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೆಯ ಆದೇಶವೆಂಬ ಭಾಗ ಈ ವಿಷಯವನ್ನು ವಿಸ್ತಾರವಾಗಿ ಹೇಳುತ್ತದೆ. ವಾದಿಯು ಜಾರಿಯ ಶುಲ್ಕ ಕಟ್ಟಿದ ಮೇಲೆ ಸಮನ್ಸ್ ತಯಾರಾಗಿ, ಇಂಥ ಕಾಗದಗಳನ್ನು ನೌಕರರಿಗೆ ಹಂಚಿ ಲೆಕ್ಕವಿಡುವ ನಜಾರತ್ ಶಾಖೆಗೆ ಹೋಗುತ್ತದೆ. ಅಲ್ಲಿಂದ ಜಾರಿಕಾರ ಅದನ್ನು ಹೊತ್ತು ಊರು ಹುಡುಕಿಕೊಂಡು ಹೊರಡುತ್ತಾನೆ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಗಳು ಈ ದಾರಿಯ ಪಕ್ಕದಲ್ಲಿ ಇನ್ನೂ ಕೆಲವು ದಾರಿಗಳನ್ನು ತೆರೆದವು. ಸ್ಪೀಡ್ ಪೋಸ್ಟ್, ನ್ಯಾಯಾಲಯ ಒಪ್ಪಿದ ಕೊರಿಯರ್, ಫ್ಯಾಕ್ಸ್, ಇ-ಮೇಲ್‌ಗಳ ಮೂಲಕವೂ ಸಮನ್ಸ್ ಕಳಿಸಬಹುದು. ಅಷ್ಟೇ ಅಲ್ಲದೆ, ನ್ಯಾಯಾಲಯ ಅನುಮತಿ ಕೊಟ್ಟರೆ ದಾವೆ ಹೂಡಿದ ವಾದಿಯೇ ಅಥವಾ ಅವನ ಪರವಾಗಿ ಮತ್ತೊಬ್ಬರು ಸಮನ್ಸನ್ನು ಪ್ರತಿವಾದಿಯ ಕೈಗೆ ಕೊಡಬಹುದು. ಕೋರ್ಟ್ ಆವರಣದಲ್ಲಿ ಹ್ಯಾಂಡ್ ಸಮನ್ಸ್ ಎಂದು ಹೆಸರಾದ ಈ ಕ್ರಮ ಅನೇಕರಿಗೆ ಅಚ್ಚರಿ ತರುತ್ತದೆ, ಏಕೆಂದರೆ ಗದ್ದೆಯ ಬದುವಿಗಾಗಿ ಹತ್ತು ವರ್ಷ ಜಗಳವಾಡಿದ ದಾಯಾದಿಯೇ ಕೋರ್ಟಿನ ಕಾಗದ ಹಿಡಿದು ಅಂಗಳಕ್ಕೆ ಬಂದರೆ ಅದನ್ನು ಮೋಸವೆಂದು ತಿಳಿಯುವುದು ಸಹಜ.

ಕ್ರಿಮಿನಲ್ ಪ್ರಕರಣಗಳ ವ್ಯವಸ್ಥೆ ಬೇರೆ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 64ನೆಯ ಕಲಮಿನ ಪ್ರಕಾರ ಸಮನ್ಸ್ ಜಾರಿ ಮಾಡುವವರು ಮುಖ್ಯವಾಗಿ ಪೊಲೀಸರು. ರಾಜ್ಯದ ನಿಯಮಗಳಿಗೆ ಒಳಪಟ್ಟು ನ್ಯಾಯಾಲಯದ ನೌಕರರು ಅಥವಾ ಇತರ ಸರ್ಕಾರಿ ನೌಕರರೂ ಮಾಡಬಹುದು. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಸ್ಪೀಡ್ ಪೋಸ್ಟ್ ಅಥವಾ ಒಪ್ಪಿತ ಕೊರಿಯರ್ ಸಾಕು. ಹೀಗೆ ಸರ್ಕಾರಿ ನೌಕರ, ಅಂಚೆಯವ, ಕೊರಿಯರ್ ಹುಡುಗ, ಪೊಲೀಸ್ ಪೇದೆ, ಎದುರಾಳಿ ಇವರೆಲ್ಲರೂ ಕಾನೂನುಬದ್ಧವಾಗಿ ಕೋರ್ಟಿನ ಕಾಗದ ತರಬಹುದಾಗಿರುವಾಗ ಗುರುತಿನ ಚೀಟಿಯೊಂದನ್ನೇ ಅಧಿಕಾರದ ಒರೆಗಲ್ಲು ಮಾಡಿಕೊಳ್ಳಲಾಗದು. ಜಾರಿಕಾರನಿಗಾಗಲಿ ಪೇದೆಗಾಗಲಿ ಚೀಟಿ ತೋರಿಸಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ, ಹೆಸರನ್ನೂ ಬರೆದಿಟ್ಟುಕೊಳ್ಳಬಹುದು. ಆದರೆ ನಿಜವಾದ ಪರೀಕ್ಷೆ ಆಗಬೇಕಾದದ್ದು ಕಾಗದದ್ದು.

ಸಮನ್ಸಿನ ಹಾಳೆಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಇರಲೇಬೇಕಾದ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ತಲೆಯಲ್ಲಿ ನ್ಯಾಯಾಲಯದ ಪೂರ್ಣ ಹೆಸರು ಮತ್ತು ಊರು, ಅದರ ಕೆಳಗೆ ಮೊಕದ್ದಮೆಯ ಸಂಖ್ಯೆ ಮತ್ತು ವರ್ಷ, ಮೂಲ ದಾವೆಯಾದರೆ ಓ.ಎಸ್., ಕ್ರಿಮಿನಲ್ ಪ್ರಕರಣವಾದರೆ ಸಾಮಾನ್ಯವಾಗಿ ಸಿ.ಸಿ. ಎಂಬ ಅಕ್ಷರಗಳು, ವಾದಿ ಪ್ರತಿವಾದಿಗಳ ಹೆಸರು, ಹಾಜರಾಗಬೇಕಾದ ದಿನ ಮತ್ತು ಹೊತ್ತು, ಖುದ್ದಾಗಿಯೋ ವಕೀಲರ ಮೂಲಕವೋ ಎಂಬ ಸೂಚನೆ, ಕೊನೆಯಲ್ಲಿ ನ್ಯಾಯಾಧೀಶರ ಅಥವಾ ಅವರು ನೇಮಿಸಿದ ಅಧಿಕಾರಿಯ ಸಹಿ ಹಾಗೂ ನ್ಯಾಯಾಲಯದ ಮೊಹರು. ಅಧಿಕಾರಿಯ ಸಹಿ ಎಂದಾಗ ಶಿರಸ್ತೇದಾರರ ಸಹಿ ಇರುವುದುಂಟು, ಅದರಿಂದ ಕಾಗದದ ಬೆಲೆ ಕಡಿಮೆಯಾಗದು. ಆದರೆ ಸಹಿ ಮತ್ತು ಮೊಹರು ಎರಡೂ ಬೇಕೆಂಬುದು ಸಂಹಿತೆಯ ಮಾತು. ಸಿವಿಲ್ ಸಮನ್ಸಿನ ಜೊತೆಗೆ ವಾದಪತ್ರದ, ಎಂದರೆ ವಾದಿಯು ತನ್ನ ದೂರನ್ನೂ ಬೇಡಿಕೆಯನ್ನೂ ವಿವರಿಸಿ ಸಲ್ಲಿಸಿದ ಅರ್ಜಿಯ, ಪ್ರತಿ ಕಡ್ಡಾಯವಾಗಿ ಇರಬೇಕು. ವಂಚಕರು ಮೊಹರನ್ನು ಸುಲಭವಾಗಿ ನಕಲು ಮಾಡುತ್ತಾರೆ, ಆದರೆ ಸರ್ವೆ ನಂಬರು, ಚೆಕ್ಕುಬಂದಿ, ವಂಶವೃಕ್ಷಗಳ ಸಮೇತ ಹದಿನೈದು ಪುಟಗಳ ವಾದಪತ್ರವನ್ನು ಹೊಸೆಯುವ ತಾಳ್ಮೆ ಅವರಲ್ಲಿ ಇರುವುದು ಅಪರೂಪ.

ಕಾಗದದ ಮೇಲಿನ ಸಂಖ್ಯೆಯನ್ನು ನ್ಯಾಯಾಲಯದ ದಾಖಲೆಯೊಂದಿಗೆ ತಾಳೆ ನೋಡುವುದು ಮುಂದಿನ ಹೆಜ್ಜೆ, ಮತ್ತು ಇದರಷ್ಟು ಖಚಿತವಾದ ಪರೀಕ್ಷೆ ಬೇರೊಂದಿಲ್ಲ. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಪ್ರಕರಣಗಳಿಗೆ ಸಿಎನ್ಆರ್ ಎಂಬ 16 ಅಕ್ಷರ-ಅಂಕಿಗಳ ವಿಶಿಷ್ಟ ಸಂಖ್ಯೆ ಇರುತ್ತದೆ. ಕರ್ನಾಟಕದ್ದಾದರೆ ಅದು ಕೆ ಮತ್ತು ಎ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆ್ಯಪಿನಲ್ಲಿ ಈ ಸಂಖ್ಯೆಯನ್ನೋ, ಅದು ಇಲ್ಲದಿದ್ದರೆ ನ್ಯಾಯಾಲಯದ ಹೆಸರು, ಮೊಕದ್ದಮೆ ಸಂಖ್ಯೆ, ವರ್ಷಗಳನ್ನೋ ಕೊಟ್ಟರೆ ಪಕ್ಷಗಾರರ ಹೆಸರು, ಮುಂದಿನ ದಿನಾಂಕ, ಪ್ರಕರಣದ ಹಂತ ಎಲ್ಲವೂ ಯಾವ ಶುಲ್ಕವೂ ಇಲ್ಲದೆ ತೆರೆದುಕೊಳ್ಳುತ್ತವೆ, ಸಮನ್ಸಿನಲ್ಲಿರುವ ದಿನಾಂಕ ಅಲ್ಲಿನ ದಿನಾಂಕಕ್ಕೆ ಹೊಂದಬೇಕು. ಸೂಕ್ಷ್ಮ ಸ್ವರೂಪದ ಕೆಲವು ಪ್ರಕರಣಗಳ ವಿವರ ಸಾರ್ವಜನಿಕರಿಗೆ ಕಾಣದಂತೆ ಇರಬಹುದಾದ್ದರಿಂದ, ಜಾಲತಾಣದಲ್ಲಿ ಸಿಗದ ಮಾತ್ರಕ್ಕೆ ಕಾಗದ ಸುಳ್ಳೆಂದು ತೀರ್ಮಾನಿಸದೆ ನ್ಯಾಯಾಲಯದ ಕಚೇರಿಗೆ ಹೋಗಿಯೋ ವಕೀಲರನ್ನು ಕಳಿಸಿಯೋ ವಿಚಾರಿಸಬೇಕು. ಎಚ್ಚರದ ಮಾತೊಂದಿದೆ: ಪರಿಶೀಲನೆಗೆಂದು ಆ ಕಾಗದದಲ್ಲೇ ಮುದ್ರಿಸಿದ ಮೊಬೈಲ್ ಸಂಖ್ಯೆಗೆ ಕರೆ ಮಾಡಿದರೆ ಅದು ಕಳ್ಳನನ್ನೇ ಸಾಕ್ಷಿ ಕೇಳಿದಂತೆ.

ವಕೀಲರ ನೋಟಿಸು ಮತ್ತು ನ್ಯಾಯಾಲಯದ ಸಮನ್ಸುಗಳನ್ನು ಬೇರ್ಪಡಿಸಿ ನೋಡದೆ ಕಂಗಾಲಾಗುವವರು ಬಹಳ. ಸಾಲ ವಸೂಲಿಗೆ, ಬಾಡಿಗೆ ತೆರವಿಗೆ, ಬೌನ್ಸ್ ಆದ ಚೆಕ್ಕಿಗೆ ವಕೀಲರು ತಮ್ಮ ಕಕ್ಷಿದಾರರ ಪರವಾಗಿ ಕಳಿಸುವ ನೋಟಿಸು ಖಾಸಗಿ ಪತ್ರವೇ ಹೊರತು ಕೋರ್ಟಿನ ಆಜ್ಞೆಯಲ್ಲ. ಅದನ್ನು ಕಡೆಗಣಿಸುವುದು ಜಾಣತನವೆಂದು ಇದರ ಅರ್ಥವಲ್ಲ, ಚೆಕ್ಕಿನ ವಿಷಯದಲ್ಲಂತೂ ನೋಟಿಸು ತಲುಪಿದ 15 ದಿನಗಳೊಳಗೆ ಹಣ ಕೊಡದಿದ್ದರೆ ಕ್ರಿಮಿನಲ್ ದೂರಿಗೆ ದಾರಿಯಾಗುತ್ತದೆ. ಆದರೆ ಅದನ್ನು ತಂದುಕೊಟ್ಟ ವಸೂಲಿ ಏಜೆಂಟು ತಾನು ಕೋರ್ಟಿನ ಕಡೆಯವನೆಂದು ಹೇಳಿಕೊಂಡರೆ ಆ ಕ್ಷಣದಿಂದಲೇ ಅವನ ನಡೆ ಅಪರಾಧದ ಗಡಿ ದಾಟುತ್ತದೆ. ಸರ್ಕಾರಿ ನೌಕರನಂತೆ ನಟಿಸಿ ಆ ಹುದ್ದೆಯ ಹೆಸರಿನಲ್ಲಿ ವ್ಯವಹರಿಸುವವರಿಗೆ ಭಾರತೀಯ ನ್ಯಾಯ ಸಂಹಿತೆಯ 204ನೆಯ ಕಲಮು ಕನಿಷ್ಠ 6 ತಿಂಗಳಿಂದ 3 ವರ್ಷದವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಹಿಂದಿನ ದಂಡ ಸಂಹಿತೆಯಲ್ಲಿ ಗರಿಷ್ಠ 2 ವರ್ಷವಿದ್ದ ಈ ಶಿಕ್ಷೆಗೆ ಕನಿಷ್ಠ ಮಿತಿಯೇ ಇರಲಿಲ್ಲ.

ಅಧಿಕಾರವನ್ನು ಅಳೆಯಲು ಇನ್ನೊಂದು ದಾರಿ, ಬಂದವನು ಏನು ಕೇಳುತ್ತಾನೆ ಎಂಬುದನ್ನು ಗಮನಿಸುವುದು. ಸಮನ್ಸ್ ತಂದ ಜಾರಿಕಾರನಿಗೆ ಅದನ್ನು ಕೊಡುವ, ಮೂಲಪ್ರತಿಯ ಮೇಲೆ ಸಹಿ ಪಡೆಯುವ ಅಧಿಕಾರವಷ್ಟೇ ಇದೆ. ಮನೆಯೊಳಗೆ ನುಗ್ಗಲು, ಸಾಮಾನು ಮುಟ್ಟಲು, ರಾಜಿ ಮಾಡಿಸಲು, ಬಂಧಿಸುವುದಾಗಿ ಬೆದರಿಸಲು, ಹಣ ಪಡೆಯಲು ಅವನಿಗೆ ಅಧಿಕಾರವಿಲ್ಲ. ಜಾರಿಯ ಶುಲ್ಕವನ್ನು ವಾದಿ ಮೊದಲೇ ಕಟ್ಟಿರುತ್ತಾನಾದ್ದರಿಂದ ಪಡೆಯುವವರು ಕೊಡಬೇಕಾದದ್ದು ಒಂದು ಕಾಸೂ ಇಲ್ಲ. ಬಸ್ ಚಾರ್ಜಿಗೆಂದೋ ಚಹಾಕ್ಕೆಂದೋ ಕೈಗೆ ತುರುಕುವ ರೂಢಿ ಕೆಲವೆಡೆ ಇದ್ದರೂ ಅದು ಲಂಚವೇ. ವಾಸ್ತವವಾಗಿ ಹಣ ಉಲ್ಟಾ ಹರಿಯುವ ಸಂದರ್ಭವೊಂದಿದೆ: ಸಿವಿಲ್ ದಾವೆಯಲ್ಲಿ ಸಾಕ್ಷಿ ಹೇಳಲು ಕರೆಸಿದವರಿಗೆ ಪ್ರಯಾಣ ಮತ್ತು ದಿನದ ಖರ್ಚಿನ ಬತ್ತೆಯನ್ನು, ಸಮನ್ಸನ್ನು ಖುದ್ದಾಗಿ ಕೊಡುವಾಗಲೇ ಮುಂದೆ ಹಿಡಿಯಬೇಕೆಂದು ಸಂಹಿತೆಯ 16ನೆಯ ಆದೇಶ ಹೇಳುತ್ತದೆ.

ತೀರ್ಪಾದ ಮೇಲೆ ಅದನ್ನು ಅಮಲಿಗೆ ತರಲು ಬರುವ ಬೇಲಿಫನ ಅಧಿಕಾರ ಇದಕ್ಕಿಂತ ಹೆಚ್ಚಿನದು, ಮತ್ತು ಹೆಚ್ಚಿನದಾದ್ದರಿಂದಲೇ ಕಾನೂನು ಅದಕ್ಕೆ ಬಿಗಿಯಾದ ಬೇಲಿ ಹಾಕಿದೆ. ಜಪ್ತಿಯ ಅಥವಾ ಬಂಧನದ ವಾರಂಟಿನಲ್ಲಿ ಅದನ್ನು ಇಂಥ ದಿನದೊಳಗೆ ಜಾರಿ ಮಾಡಬೇಕೆಂಬ ಗಡುವು ಇರುತ್ತದೆ, ಅದು ಮೀರಿದ ವಾರಂಟಿನ ಬಲದ ಮೇಲೆ ಬೇಲಿಫ್ ಕಾರ್ಯಕ್ಕಿಳಿಯುವಂತಿಲ್ಲ. ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಇಂಥ ಕೆಲಸಕ್ಕಾಗಿ ವಾಸದ ಮನೆಯನ್ನು ಪ್ರವೇಶಿಸುವಂತಿಲ್ಲ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬುದಾರನ ಉಪಕರಣ, ರೈತನ ಬೇಸಾಯದ ಸಲಕರಣೆ ಇವುಗಳನ್ನು ಸಿವಿಲ್ ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ಹೊರಗಿಟ್ಟಿದೆ. ಹಣದ ಡಿಕ್ರಿಗಾಗಿ, ಎಂದರೆ ಹಣ ಕೊಡಬೇಕೆಂಬ ತೀರ್ಪಿಗಾಗಿ, ಹೆಂಗಸರನ್ನು ಬಂಧಿಸುವುದನ್ನು 56ನೆಯ ಕಲಮು ನಿಷೇಧಿಸುತ್ತದೆ. ಬೇಲಿಫ್ ಕೈಗೆ ಹಣ ಕೊಡುವ ಪ್ರಸಂಗ ಬರುವುದು ಇಂಥ ವಾರಂಟಿನ ಹಂತದಲ್ಲೇ. ಹಣದ ಡಿಕ್ರಿಗಾಗಿ ಬಂಧನಕ್ಕೆ ಬಂದಾಗ ಡಿಕ್ರಿಯ ಮೊತ್ತವನ್ನೂ ಬಂಧನದ ಖರ್ಚನ್ನೂ ಕೊಟ್ಟರೆ ಆ ಅಧಿಕಾರಿ ತಕ್ಷಣ ಬಿಡುಗಡೆ ಮಾಡಬೇಕು. ಕ್ರಿಮಿನಲ್ ವಾರಂಟಿಗೂ ಬೇಲಿಯಿದೆ: ಜಾರಿ ಮಾಡುವ ಪೊಲೀಸರು ಅದರ ಸಾರಾಂಶವನ್ನು ತಿಳಿಸಬೇಕು, ಕೇಳಿದರೆ ವಾರಂಟನ್ನೇ ತೋರಿಸಬೇಕು. ತೋರಿಸಲು ಸಮಯವಿಲ್ಲ ಎನ್ನುವವನ ಮಾತನ್ನು ಕಾನೂನು ಒಪ್ಪುವುದಿಲ್ಲ.

ಜನಸಾಮಾನ್ಯರಿಗಿಂತ ಹೆಚ್ಚಾಗಿ ಜಾರಿಕಾರನನ್ನು ಸಂಶಯದಿಂದ ನೋಡುವುದು ಕಾನೂನೇ ಎಂಬುದು ಸಂಹಿತೆಯನ್ನು ಓದಿದವರಿಗೆ ಹೊಳೆಯದೆ ಇರದು. ಮನೆಯಲ್ಲಿ ಯಾರೂ ಇಲ್ಲ, ಅಥವಾ ಕಾಗದ ತೆಗೆದುಕೊಳ್ಳಲು ನಿರಾಕರಿಸಿದರು ಎಂಬ ಒಂದು ಸಾಲಿನ ಷರಾ ಎಷ್ಟೋ ದಾವೆಗಳ ಹಣೆಬರಹವನ್ನು ಬರೆದುಬಿಡಬಲ್ಲದು, ಏಕೆಂದರೆ ಆ ಷರಾದ ಮೇಲೆ ಪ್ರತಿವಾದಿ ಗೈರುಹಾಜರೆಂದು ಪರಿಗಣಿಸಿ ಏಕಪಕ್ಷೀಯ ಡಿಕ್ರಿ ಆಗಬಹುದು. ಅದಕ್ಕಾಗಿಯೇ 5ನೆಯ ಆದೇಶದ 17ನೆಯ ನಿಯಮ ಜಾರಿಕಾರನ ಕೈಕಟ್ಟುತ್ತದೆ. ಪ್ರತಿವಾದಿ ನಿರಾಕರಿಸಿದಾಗ ಅಥವಾ ತಕ್ಕಷ್ಟು ಪ್ರಯತ್ನ ಪಟ್ಟರೂ ಸಿಗದಿದ್ದಾಗ ಮನೆಯ ಹೊರಬಾಗಿಲಿಗೆ ಅಥವಾ ಎದ್ದು ಕಾಣುವ ಭಾಗಕ್ಕೆ ಸಮನ್ಸಿನ ಪ್ರತಿಯನ್ನು ಅಂಟಿಸಿ, ಮೂಲಪ್ರತಿಯನ್ನು ವರದಿಯೊಂದಿಗೆ ಹಿಂದಿರುಗಿಸಬೇಕು. ಅಂಟಿಸಿದ್ದೇಕೆ, ಯಾವ ಸನ್ನಿವೇಶದಲ್ಲಿ, ಮನೆಯನ್ನು ತೋರಿಸಿದವರು ಯಾರು, ಅಂಟಿಸುವಾಗ ಎದುರಿಗಿದ್ದವರು ಯಾರು ಎಂಬುದನ್ನೆಲ್ಲ ಆ ವರದಿ ಹೇಳಬೇಕು. ಆ ವರದಿಗೆ ಪ್ರಮಾಣಪತ್ರದ ಬೆಂಬಲ ಇಲ್ಲದಿದ್ದರೆ 19ನೆಯ ನಿಯಮದಂತೆ ನ್ಯಾಯಾಲಯ ಜಾರಿಕಾರನನ್ನೇ ಕರೆಸಿ ಪ್ರಮಾಣ ಮಾಡಿಸಿ ವಿಚಾರಿಸಲೇಬೇಕು, ಪ್ರಮಾಣಪತ್ರ ಇದ್ದರೂ ವಿಚಾರಿಸಬಹುದು. ಇಷ್ಟೆಲ್ಲ ಬರೆದಿಟ್ಟಿದ್ದರೂ, ಚಹಾ ಅಂಗಡಿಯಲ್ಲಿ ಕೂತು ಷರಾ ಬರೆದರೆಂಬ ಆರೋಪ ಕೋರ್ಟುಗಳಿಗೆ ಹೊಸದಲ್ಲ. ಅಮೆರಿಕದಲ್ಲಿ ಸಮನ್ಸನ್ನು ಚರಂಡಿಗೆಸೆದು ಜಾರಿ ಮಾಡಿದೆನೆಂದು ಪ್ರಮಾಣ ಮಾಡುವ ಚಾಳಿಗೆ ಚರಂಡಿ ಜಾರಿ ಎಂಬ ಅಡ್ಡಹೆಸರೇ ಇದೆ, ನ್ಯೂಯಾರ್ಕ್ ನಗರ ಇದನ್ನು ತಡೆಯಲು ಜಾರಿಕಾರರಿಗೆ ಪರವಾನಗಿ ಕಡ್ಡಾಯ ಮಾಡಿದೆ. ಭಾರತದಲ್ಲಿ ಇ-ಕೋರ್ಟ್ಸ್ ಯೋಜನೆಯ ಭಾಗವಾಗಿ ಬಂದ ಎನ್‌ಸ್ಟೆಪ್ ವ್ಯವಸ್ಥೆ ಜಾರಿಕಾರನ ಮೊಬೈಲಿನಲ್ಲೇ ಜಾರಿಯ ಸ್ಥಳದ ಜಿಪಿಎಸ್ ಗುರುತು ದಾಖಲಾಗುವಂತೆ ಮಾಡಿದ್ದು, ಮನೆಯ ಬಾಗಿಲವರೆಗೆ ಹೋದದ್ದು ನಿಜವೇ ಎಂಬ ಪ್ರಶ್ನೆಗೆ ಅದು ಷರಾಕ್ಕಿಂತ ಗಟ್ಟಿಯಾದ ಉತ್ತರ ಕೊಡಬಲ್ಲದು.

ಮನೆಯವರಲ್ಲಿ ಯಾರ ಕೈಗೆ ಕೊಟ್ಟರೆ ಜಾರಿ ಪೂರ್ಣವಾಗುತ್ತದೆ ಎಂಬುದರಲ್ಲೂ ಒಂದು ಸ್ವಾರಸ್ಯವಿದೆ. ಸಿವಿಲ್ ಸಂಹಿತೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಜೊತೆಯಲ್ಲಿ ವಾಸಿಸುವ ವಯಸ್ಕ ಸದಸ್ಯರಿಗೆ ಕೊಡಬಹುದೆನ್ನುತ್ತದೆ, ಮನೆಗೆಲಸದವರು ಕುಟುಂಬದ ಸದಸ್ಯರಲ್ಲವೆಂದೂ ಸ್ಪಷ್ಟಪಡಿಸುತ್ತದೆ. ಆದರೆ 1973ರ ದಂಡ ಪ್ರಕ್ರಿಯಾ ಸಂಹಿತೆ ವಯಸ್ಕ ಗಂಡಸರಿಗೆ ಮಾತ್ರ ಎಂದಿತ್ತು, ಮನೆಯ ಯಜಮಾನಿಯೇ ಎದುರಿಗಿದ್ದರೂ ಅವರ ಕೈಗೆ ಕ್ರಿಮಿನಲ್ ಸಮನ್ಸ್ ಕೊಟ್ಟರೆ ಜಾರಿಯಾದಂತೆ ಆಗುತ್ತಿರಲಿಲ್ಲ. ಈ ಅಸಂಬದ್ಧತೆ 2024ರಲ್ಲಿ ಹೊಸ ಸಂಹಿತೆ ಬಂದ ಮೇಲಷ್ಟೇ ತೊಲಗಿತು.

ಅನುಮಾನ ಬಂತೆಂದು ಕಾಗದವನ್ನು ತೆಗೆದುಕೊಳ್ಳದೆ ಬಾಗಿಲು ಹಾಕಿಕೊಳ್ಳುವುದು ಬಹುತೇಕ ಸಂದರ್ಭಗಳಲ್ಲಿ ತನಗೆ ತಾನೇ ಮಾಡಿಕೊಳ್ಳುವ ಹಾನಿ. ಅಂಚೆಯ ಅಥವಾ ಕೊರಿಯರಿನ ಲಕೋಟೆಯನ್ನು ನಿರಾಕರಿಸಿದರೆಂಬ ಷರಾ ಬಂದರೆ ಸಮನ್ಸ್ ತಲುಪಿದೆಯೆಂದೇ ನ್ಯಾಯಾಲಯ ಘೋಷಿಸುತ್ತದೆ. ಜಾರಿಕಾರನನ್ನು ಹಿಂದಕ್ಕೆ ಕಳಿಸಿದರೆ ಕಾಗದ ಬಾಗಿಲಿಗೆ ಅಂಟುತ್ತದೆ. ವಾದಿ ತಂದ ಹ್ಯಾಂಡ್ ಸಮನ್ಸಿಗೆ ಮಾತ್ರ ಈ ಬಲವಿಲ್ಲ: ಅದನ್ನು ನಿರಾಕರಿಸಿದರೆ ಅವನು ಬಾಗಿಲಿಗೆ ಅಂಟಿಸಿ ಹೋಗುವಂತಿಲ್ಲ, ಅವನ ಅರ್ಜಿಯ ಮೇಲೆ ನ್ಯಾಯಾಲಯವೇ ಹೊಸದಾಗಿ ತನ್ನ ಜಾರಿಕಾರನ ಮೂಲಕ ಸಮನ್ಸ್ ಕಳಿಸಬೇಕು. ಕಾಗದ ಪಡೆದು, ಸಹಿಯ ಪಕ್ಕದಲ್ಲಿ ದಿನಾಂಕ ಮತ್ತು ಹೊತ್ತನ್ನು ಬರೆದು, ಆಮೇಲೆ ಪರಿಶೀಲಿಸುವುದು ಸುರಕ್ಷಿತ ಕ್ರಮ. ಆ ಸಹಿ ಕಾಗದ ಬಂತೆಂದು ಹೇಳುತ್ತದೆಯೇ ಹೊರತು ವಾದಿಯ ಬೇಡಿಕೆಯನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಸಿವಿಲ್ ದಾವೆಯಲ್ಲಿ ಅಂದಿನಿಂದ 30 ದಿನಗಳೊಳಗೆ ಲಿಖಿತ ಉತ್ತರ ಸಲ್ಲಿಸಬೇಕಾಗಿರುವುದರಿಂದ ಆ ದಿನಾಂಕಕ್ಕೆ ಬೆಲೆಯಿದೆ.

ಜಾರಿಯಲ್ಲಿ ಲೋಪವಿತ್ತು, ತಂದವನಿಗೆ ಅಧಿಕಾರವಿರಲಿಲ್ಲ ಎಂಬ ವಾದವನ್ನು ಕೊನೆಯ ಆಯುಧವಾಗಿ ಕಾಯ್ದಿಟ್ಟುಕೊಳ್ಳುವವರಿಗೂ ಕಾನೂನು ಹೆಚ್ಚಿನ ಆಸರೆ ಕೊಡುವುದಿಲ್ಲ. ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲವೆಂದು ತೋರಿಸಿದರೆ 9ನೆಯ ಆದೇಶದ 13ನೆಯ ನಿಯಮದಡಿ ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಿಕೊಳ್ಳಬಹುದು, ಅಂಥ ಸಂದರ್ಭದಲ್ಲಿ 30 ದಿನಗಳ ಕಾಲಮಿತಿಯೂ ಡಿಕ್ರಿಯ ವಿಷಯ ತಿಳಿದ ದಿನದಿಂದಲೇ ಶುರುವಾಗುತ್ತದೆ. ಆದರೆ ಅದೇ ನಿಯಮದ ಮುಂದಿನ ಸಾಲು, ಪ್ರತಿವಾದಿಗೆ ವಿಚಾರಣೆಯ ದಿನ ತಿಳಿದಿತ್ತು, ಹಾಜರಾಗಲು ಸಾಕಷ್ಟು ಸಮಯವೂ ಇತ್ತು ಎಂದಾದರೆ ಜಾರಿಯ ಲೋಪವೊಂದನ್ನೇ ಹಿಡಿದು ಡಿಕ್ರಿ ರದ್ದುಮಾಡಬಾರದೆಂದು ಹೇಳುತ್ತದೆ. ಈ ಎರಡು ಸಾಲುಗಳನ್ನು ಒಟ್ಟಿಗೆ ಓದದೆ ಮೊದಲನೆಯದನ್ನಷ್ಟೇ ನಂಬಿದವರ ಮನೆಗೇ ಮುಂದೆ ಜಪ್ತಿಯ ವಾರಂಟು ಬರುವುದು.

ಕಾಗದದ ಜಾಗಕ್ಕೆ ಪರದೆ ಬಂದ ಮೇಲೆ ಪರಿಶೀಲನೆಯ ಕಷ್ಟ ಇಮ್ಮಡಿಸಿದೆ. ನಾಗರಿಕ ಸುರಕ್ಷಾ ಸಂಹಿತೆಯ 63ನೆಯ ಕಲಮು ನ್ಯಾಯಾಲಯದ ಮೊಹರಿನ ಚಿತ್ರ ಅಥವಾ ಡಿಜಿಟಲ್ ಸಹಿ ಇರುವ ವಿದ್ಯುನ್ಮಾನ ಸಮನ್ಸಿಗೆ ಮಾನ್ಯತೆ ಕೊಟ್ಟಿದೆ. ಒಂದು ಚಿತ್ರವನ್ನು ನಕಲು ಮಾಡುವುದು ಎಷ್ಟು ಸುಲಭವೆಂಬುದನ್ನು ಶಾಸನ ರಚಿಸಿದವರು ಇನ್ನಷ್ಟು ಯೋಚಿಸಬೇಕಿತ್ತು ಎನಿಸದಿರದು. ವಿಡಿಯೊ ಕರೆಯಲ್ಲಿ ಪೊಲೀಸರಂತೆ, ನ್ಯಾಯಾಧೀಶರಂತೆ ಕಾಣಿಸಿಕೊಂಡು ಜನರನ್ನು ಮನೆಯಲ್ಲೇ ಕೂಡಿಹಾಕುವ ಡಿಜಿಟಲ್ ಅರೆಸ್ಟ್ ವಂಚನೆಯಲ್ಲಿ ಹರಿಯಾಣದ ಅಂಬಾಲದ ವೃದ್ಧ ದಂಪತಿ ಸುಪ್ರೀಂ ಕೋರ್ಟಿನದೇ ನಕಲಿ ಆದೇಶಗಳನ್ನು ನಂಬಿ 1 ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡಾಗ, 2025ರ ಅಕ್ಟೋಬರಿನಲ್ಲಿ ಆ ನ್ಯಾಯಾಲಯ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಡಿಸೆಂಬರಿನಲ್ಲಿ ತನಿಖೆಯನ್ನು ಸಿಬಿಐಗೆ ವಹಿಸಿತು. ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಆರೋಪಿಯು ವಿಚಾರಣೆಗೆ ಹಾಜರಾಗಬೇಕೆಂದು ಅದೇ ನಾಗರಿಕ ಸುರಕ್ಷಾ ಸಂಹಿತೆಯ 35ನೆಯ ಕಲಮಿನಡಿ ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್ಆ್ಯಪ್ ಮುಂತಾದ ವಿದ್ಯುನ್ಮಾನ ಮಾರ್ಗದಲ್ಲಿ ಜಾರಿ ಮಾಡಬಾರದೆಂದೂ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಹಣ ಕೈಬಿಟ್ಟು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ತಡಮಾಡದೆ ತಿಳಿಸುವುದರಿಂದ ವಂಚಕರ ಖಾತೆಯನ್ನು ಸ್ಥಗಿತಗೊಳಿಸುವ ಸಾಧ್ಯತೆ ಉಳಿಯುತ್ತದೆ.

ಮಕ್ಕಳು ವಿದೇಶದಲ್ಲಿರುವ ಕನ್ನಡಿಗ ಕುಟುಂಬಗಳಿಗೆ ಈ ವಿಷಯ ಮತ್ತೊಂದು ರೂಪದಲ್ಲಿ ಎದುರಾಗುತ್ತದೆ. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ 18 ವರ್ಷ ತುಂಬಿದ, ದಾವೆಯಲ್ಲಿ ಪಕ್ಷಗಾರರಲ್ಲದ ಯಾರು ಬೇಕಾದರೂ ಸಮನ್ಸ್ ಜಾರಿ ಮಾಡಬಹುದು, ಖಾಸಗಿ ಜಾರಿಕಾರರ ಉದ್ಯಮವೇ ಅಲ್ಲಿದೆ. ಆದರೆ ಅಂಥ ಏಜೆನ್ಸಿಯೊಂದು ಬೆಂಗಳೂರಿನಲ್ಲಿ ಬಾಡಿಗೆಗೆ ಹಿಡಿದ ವ್ಯಕ್ತಿ ಜಯನಗರದ ಮನೆಗೆ ವಿಚ್ಛೇದನದ ಸಮನ್ಸ್ ತಂದುಕೊಟ್ಟರೆ ಅವನಿಗೆ ಭಾರತದಲ್ಲಿ ಯಾವ ಅಧಿಕಾರವೂ ಇಲ್ಲ. ವಿದೇಶಿ ನ್ಯಾಯಾಲಯದ ಕಾಗದಗಳ ಜಾರಿಯ ಕುರಿತ 1965ರ ಹೇಗ್ ಒಪ್ಪಂದಕ್ಕೆ ಭಾರತ 2006ರಲ್ಲಿ ಸೇರಿದಾಗ, ನೇರ ಅಂಚೆಯ ಮತ್ತು ಖಾಸಗಿ ಜಾರಿಯ ದಾರಿಗಳನ್ನು ಒಪ್ಪುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಕಾಗದ ದೆಹಲಿಯ ಕಾನೂನು ಮತ್ತು ನ್ಯಾಯ ಸಚಿವಾಲಯಕ್ಕೆ ಬಂದು, ಅಲ್ಲಿಂದ ಸಂಬಂಧಪಟ್ಟ ಜಿಲ್ಲೆಯ ನ್ಯಾಯಾಲಯಕ್ಕೆ ಇಳಿದು, ಇಲ್ಲಿನ ಜಾರಿಕಾರನ ಕೈಯಿಂದ ಮನೆ ತಲುಪಬೇಕು. ಹಾಗೆಂದು ಕೊರಿಯರಿನಲ್ಲಿ ಬಂದ ವಿದೇಶಿ ಸಮನ್ಸನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ, ಏಕೆಂದರೆ ಅದು ಸರಿಯಾಗಿ ಜಾರಿಯಾಗಿದೆಯೇ ಎಂದು ಮೊದಲು ತೀರ್ಮಾನಿಸುವುದು ಆ ದೇಶದ ನ್ಯಾಯಾಲಯ, ಅಲ್ಲಿ ಆಕ್ಷೇಪ ಎತ್ತದಿದ್ದರೆ ಡಿಕ್ರಿ ಆಗಿಯೇ ತೀರಬಹುದು. ಆ ಡಿಕ್ರಿಯನ್ನು ಮುಂದಿಟ್ಟುಕೊಂಡು ಇಲ್ಲಿ ಹಕ್ಕು ಸಾಧಿಸಲು ಬಂದಾಗ ಮಾತ್ರ, ಸಹಜ ನ್ಯಾಯಕ್ಕೆ ವಿರುದ್ಧವಾಗಿ ಪಡೆದ ವಿದೇಶಿ ತೀರ್ಪು ಅಂತಿಮವಲ್ಲವೆನ್ನುವ ಸಿವಿಲ್ ಸಂಹಿತೆಯ 13ನೆಯ ಕಲಮಿನಡಿ ಇಲ್ಲಿನ ನ್ಯಾಯಾಲಯ ಅದನ್ನು ಪರೀಕ್ಷಿಸುತ್ತದೆ.